ಓದುಗರ ಪ್ರಶ್ನೆ: ಈ ಸ್ನೀಕರ್ಸ್ ಹೊಲಿದವರಿಗೆ ಎಷ್ಟು ಸಿಕ್ಕಿತು?

ದಿನಾ ಹಾಕಿಕೊಳ್ಳುವ ಸ್ನೀಕರ್ಸ್ ಬಗ್ಗೆ, ಅದರಲ್ಲೂ ‘ಎಥಿಕಲ್’ (ನ್ಯಾಯವಾಗಿ ತಯಾರಾದದ್ದು) ಎಂದು ಹೇಳಿಕೊಂಡು ಮಾರುಕಟ್ಟೆಗೆ ಬರುವ ಜೋಡಿಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನ ಪತ್ರಗಳು ಕೇಳಿದ್ದು ವಸ್ತುವಿನ ಬಗ್ಗೆ: ಚರ್ಮವೋ, ಬಾಟಲಿ ಪ್ಲಾಸ್ಟಿಕ್ಕೋ, ಅನಾನಸ್ ನಾರೋ ಎಂದು. ಹೊಲಿದವರ ಕೂಲಿಯ ಬಗ್ಗೆ ಕೇಳಿದವರು ಕಡಿಮೆ. ನಮ್ಮ ಉತ್ತರಗಳು ಮತ್ತೆ ಮತ್ತೆ ಆ ಕಡೆಗೇ ಹೊರಳಿವೆ, ಬೇಕೆಂದೇ.

ನೋಡಿದರೆ ಸಾದಾ ಬಿಳಿ ಶೂ. ಬೆಲೆ ಮಾತ್ರ 12 ಸಾವಿರ. ‘ನ್ಯಾಯವಾಗಿ ತಯಾರಿಸಿದ್ದು’ ಎನ್ನುತ್ತಾರೆ. ಇದರಲ್ಲಿ ಅಂಥದ್ದೇನಿದೆ? ಅಷ್ಟು ದುಡ್ಡು ಹೋಗುವುದೆಲ್ಲಿಗೆ?
*(ಜಯನಗರ, ಬೆಂಗಳೂರು)*

ಈ ಬಗೆಯ ಶೂಗೆ ಹೆಸರಾದದ್ದು ಪ್ಯಾರಿಸ್‌ನ ವೇಜಾ ಕಂಪನಿ. ಸೆಬಾಸ್ಟಿಯನ್ ಕೋಪ್, ಫ್ರಾನ್ಸ್ವಾ-ಗಿಲಾನ್ ಮೊರಿಲ್ಯೋನ್ ಎಂಬ ಇಬ್ಬರು ಗೆಳೆಯರು 2005ರಲ್ಲಿ ಇದರ ಮೊದಲ ಜೋಡಿಯನ್ನು ಮಾರಾಟಕ್ಕಿಟ್ಟರು. ಶೂ ಹೆಚ್ಚಾಗಿ ತಯಾರಾಗುವುದು ದಕ್ಷಿಣ ಬ್ರೆಜಿಲ್‌ನ ರಿಯೊ ಗ್ರಾಂಡಿ ದೊ ಸುಲ್ ರಾಜ್ಯದಲ್ಲಿ. ಹತ್ತಿ ಬ್ರೆಜಿಲ್‌ನ ಈಶಾನ್ಯ ಭಾಗದ ಮತ್ತು ಪೆರುವಿನ ಸಾವಯವ ರೈತರಿಂದ ಬರುತ್ತದೆ. ರಬ್ಬರ್ ಬರುವುದು ಅಮೆಜಾನ್ ಕಾಡಿನ ಅಕ್ರೆ ಮುಂತಾದ ರಾಜ್ಯಗಳಿಂದ. ಅಲ್ಲಿ ರಬ್ಬರ್ ಮರವನ್ನು ಸಾಲಾಗಿ ನೆಟ್ಟಿಲ್ಲ. ಕಾಡಿನೊಳಗೆ ತಾನಾಗಿ ಬೆಳೆದ ಮರಗಳನ್ನು ಹುಡುಕಿಕೊಂಡು ಹೋಗಿ ಹಾಲು ಇಳಿಸುವ ‘ಸೆರಿಂಗೇರೊ’ ಕುಟುಂಬಗಳು ತಲೆಮಾರುಗಳಿಂದ ಅಲ್ಲಿವೆ. ಅವರ ನಾಯಕ ಚಿಕೊ ಮೆಂಡಿಸ್ ಕಾಡು ಕಡಿದು ದನದ ಹುಲ್ಲುಗಾವಲು ಮಾಡುವವರ ವಿರುದ್ಧ ನಿಂತಿದ್ದಕ್ಕೆ 1988ರ ಡಿಸೆಂಬರ್ 22ರಂದು ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಕಾಡಿನ ರಬ್ಬರ್‌ಗೆ ಒಳ್ಳೆಯ ಬೆಲೆ ಸಿಕ್ಕರೆ ಮರ ನಿಂತಿರುವುದೇ ಲಾಭ. ಸಿಗದಿದ್ದರೆ ಅದೇ ಕುಟುಂಬ ಹೊಟ್ಟೆಪಾಡಿಗೆ ದನ ಸಾಕಲು ಕಾಡು ಸವರಬೇಕಾಗುತ್ತದೆ. ಕಂಪನಿ ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಟ್ಟು ಅವರ ಸಹಕಾರ ಸಂಘಗಳಿಂದ ನೇರವಾಗಿ ಕೊಳ್ಳುತ್ತದೆ. ಈ ಶೂವಿನಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವ ಅಂಶ ಇದು.

ಹಾಗೆಂದು ಸೋಲ್ ಪೂರ್ತಿ ಕಾಡಿನ ರಬ್ಬರ್ ಅಲ್ಲ. ಅದು ಒಂದು ಪಾಲು ಮಾತ್ರ, ಉಳಿದದ್ದು ಸಿಂಥೆಟಿಕ್ ರಬ್ಬರ್, ಸಿಲಿಕಾದಂಥ ಭರ್ತಿ ಪದಾರ್ಥಗಳು. ಯಾವ ಮಾದರಿಯಲ್ಲಿ ಶೇಕಡಾ ಎಷ್ಟು ಎಂದು ಕಂಪನಿಯೇ ಪ್ರಕಟಿಸುತ್ತದೆ. ಆ ಪಟ್ಟಿ ಓದದೆ ‘ಅಮೆಜಾನ್ ರಬ್ಬರ್ ಶೂ’ ಎಂದು ಕೊಳ್ಳಬೇಡಿ.

ಇನ್ನು ದುಡ್ಡಿನ ಲೆಕ್ಕ. ದೊಡ್ಡ ಬ್ರ್ಯಾಂಡಿನ ಯಾವುದೇ ಜೋಡಿಯಲ್ಲಿ ಸರಿಸುಮಾರು ಅರ್ಧ ಅಂಗಡಿ ಮತ್ತು ವಿತರಣೆಗೆ ಹೋಗುತ್ತದೆ. ಶೂ ಕಾರ್ಖಾನೆಯ ಬಾಗಿಲು ದಾಟುವಾಗ ಅದರ ಬೆಲೆ ಅಂಗಡಿ ಬೆಲೆಯ ಕಾಲು ಭಾಗದ ಆಸುಪಾಸು. ಹೊಲಿದು, ಅಂಟಿಸಿದವರ ಕೂಲಿ ಅದರೊಳಗಿನ ಒಂದು ಚೂರು, ಅಂಗಡಿ ಬೆಲೆಯ ನೂರರಲ್ಲಿ ಎರಡು ಮೂರು ರೂಪಾಯಿ. ಜಾಹೀರಾತು, ಆಟಗಾರರ ಪ್ರಾಯೋಜಕತ್ವದ ಪಾಲು ಇದಕ್ಕಿಂತ ದೊಡ್ಡದು. ವೇಜಾ ಜಾಹೀರಾತು ಕೊಡುವುದಿಲ್ಲ. ಆ ಉಳಿತಾಯವನ್ನು ಕಚ್ಚಾವಸ್ತು ಮತ್ತು ಕೂಲಿಗೆ ಹಾಕುವುದೇ ಅದರ ವ್ಯಾಪಾರದ ಗುಟ್ಟು. ಹಾಗಾಗಿ ಯುರೋಪಿನಲ್ಲಿ ಅದರ ಬೆಲೆ ಇತರ ಹೆಸರಾಂತ ಶೂಗಳ ಸಾಲಿನಲ್ಲೇ ನಿಲ್ಲುತ್ತದೆ. ಭಾರತಕ್ಕೆ ಬರುವಾಗ ಮೂರನೇ ಒಂದು ಭಾಗಕ್ಕೂ ಮೀರಿದ ಆಮದು ಸುಂಕ ಬೀಳುತ್ತದೆ, ಅದರ ಮೇಲೆ 2,500 ರೂ. ದಾಟಿದ ಜೋಡಿಗೆ ಶೇ 18 ಜಿಎಸ್‌ಟಿ. ನೀವು ಕೊಡುವ 12 ಸಾವಿರದಲ್ಲಿ ದೊಡ್ಡ ಪಾಲು ತೆರಿಗೆ, ಸಾಗಣೆ, ಆಮದುದಾರರ ಲಾಭ. ಸೆರಿಂಗೇರೊಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಕಾರ್ಖಾನೆಯಲ್ಲಿ ಜೋಡಿಗೆ 100 ರೂ. ಕೂಲಿ ಹೆಚ್ಚಿಸಿದರೆ ಅಂಗಡಿಯಲ್ಲಿ 100 ರೂ. ಮಾತ್ರ ಏರಬೇಕು. ಆದರೆ ಬ್ರ್ಯಾಂಡ್, ವಿತರಕ, ಅಂಗಡಿ ಎಲ್ಲರೂ ತಮ್ಮ ಲಾಭವನ್ನು ಶೇಕಡಾವಾರು ಲೆಕ್ಕದಲ್ಲಿ ಕೂಡಿಸುತ್ತಾ ಹೋಗುವುದರಿಂದ ಆ 100 ನಿಮ್ಮ ಕೈಗೆ ಬರುವಷ್ಟರಲ್ಲಿ 300–400 ಆಗಿರುತ್ತದೆ. ‘ನ್ಯಾಯವಾದ ಕೂಲಿ ಕೊಟ್ಟರೆ ಶೂ ದುಬಾರಿ’ ಎನ್ನುವ ಮಾತು ಹುಟ್ಟುವುದು ಹೀಗೆ.

ಸುಳ್ಯದ ಕಡೆ ನಮ್ಮದು ಸಣ್ಣ ರಬ್ಬರ್ ತೋಟ. ಒಂದು ಜೊತೆ ಶೂಗೆ ಎಷ್ಟು ರಬ್ಬರ್ ಬೇಕು? ಬೆಳೆಗಾರನಿಗೆ ಅದರಲ್ಲಿ ಏನು ಸಿಗುತ್ತದೆ?
*(ಸುಳ್ಯ, ದಕ್ಷಿಣ ಕನ್ನಡ)*

ಕ್ಯಾನ್ವಾಸ್ ಮಾದರಿಯ ಸ್ನೀಕರ್ಸ್‌ನ ಎರಡು ಸೋಲ್ ಸೇರಿ ಸುಮಾರು 300ರಿಂದ 400 ಗ್ರಾಂ ತೂಗುತ್ತವೆ ಎಂದುಕೊಳ್ಳಿ. ಅದರಲ್ಲಿ ನೈಸರ್ಗಿಕ ರಬ್ಬರ್ 100 ಗ್ರಾಂ ಇದ್ದರೆ ಒಳ್ಳೆಯ ಸೋಲ್ ಎನ್ನಬಹುದು. ಹಾಲಿನಲ್ಲಿ ಒಣ ರಬ್ಬರಿನ ಅಂಶ ಮೂರನೇ ಒಂದರ ಸುತ್ತಮುತ್ತ. ಅಂದರೆ ಜೋಡಿಗೆ ಸುಮಾರು 300 ಮಿ.ಲೀ. ಹಾಲು. ಹೆಕ್ಟೇರಿಗೆ 400 ಮರ, ವರ್ಷಕ್ಕೆ 1,500 ಕೆ.ಜಿ. ಶೀಟು (ಒಣಗಿಸಿದ ರಬ್ಬರ್ ಹಾಳೆ), 100 ಸಲ ಟ್ಯಾಪಿಂಗ್ (ತೊಗಟೆ ಕೊಯ್ದು ಹಾಲು ಇಳಿಸುವುದು) ಎಂದು ಲೆಕ್ಕ ಹಾಕಿದರೆ ಒಂದು ಮರ ಒಂದು ಸಲಕ್ಕೆ ಸುಮಾರು 40 ಗ್ರಾಂ ಒಣ ರಬ್ಬರ್ ಕೊಡುತ್ತದೆ. ಒಂದು ಮರದ ಎರಡು ಮೂರು ಟ್ಯಾಪಿಂಗ್‌ನಲ್ಲಿ ಒಬ್ಬರ ಕಾಲಿಗೆ ಸಾಕಾಗುವಷ್ಟು ರಬ್ಬರ್ ಸಿಕ್ಕಂತಾಯಿತು.

ಕೆ.ಜಿ.ಗೆ 200 ರೂ. ದರ ಹಿಡಿದರೆ ಆ 100 ಗ್ರಾಂಗೆ ಬೆಳೆಗಾರನಿಗೆ ಬರುವುದು 20 ರೂಪಾಯಿ. ದರವನ್ನು ದುಪ್ಪಟ್ಟು ಮಾಡಿದರೂ 5,000 ರೂ. ಶೂವಿನ ಕಚ್ಚಾವಸ್ತುವಿನ ಖರ್ಚು ಏರುವುದು 20 ರೂಪಾಯಿಯಷ್ಟೇ. ದರ ನೂರರ ಹತ್ತಿರಕ್ಕೆ ಕುಸಿದಾಗ ಟ್ಯಾಪಿಂಗ್ ಕೂಲಿಯೂ ಹುಟ್ಟದೆ ಮರಗಳನ್ನು ಹಾಗೇ ಬಿಟ್ಟವರು ನಿಮ್ಮ ಊರಿನಲ್ಲೂ ಇರಬೇಕು. ಆಗ ಶೂಗಳ ಬೆಲೆಯೇನೂ ಇಳಿಯಲಿಲ್ಲ.

ನಿಮ್ಮ ಶೀಟು ಯಾವ ಶೂಗೆ ಹೋಗುತ್ತದೆ ಎಂದು ಹೇಳಲಾಗದು. ಹಲವು ತೋಟಗಳ ಶೀಟು ವ್ಯಾಪಾರಿಯ ಗೋದಾಮಿನಲ್ಲಿ ಒಂದಾಗುತ್ತದೆ, ಬಹುಪಾಲು ಟೈರಿಗೆ ಹೋಗುತ್ತದೆ. ಎಫ್‌ಎಸ್‌ಸಿ (ಕಾಡಿಗೆ ಹಾನಿಯಾಗದಂತೆ ಬೆಳೆದದ್ದು ಎಂಬ) ಪ್ರಮಾಣಪತ್ರ ಬೇಕೆನ್ನುವ ಶೂ ಕಂಪನಿಗಳು ಹುಡುಕುವುದು ತೋಟದಿಂದ ಕಾರ್ಖಾನೆವರೆಗೆ ಬೇರೆಯಾಗಿಯೇ ಇಟ್ಟ ಸರಕನ್ನು. ಯುರೋಪಿನ ಅರಣ್ಯನಾಶ ತಡೆ ನಿಯಮವೂ ರಬ್ಬರ್‌ಗೆ ಅನ್ವಯಿಸುತ್ತದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ್ದಾಗಿರಬಾರದು, ಜಮೀನಿನ ಜಿಪಿಎಸ್ ಗುರುತು ದಾಖಲೆಯಲ್ಲಿರಬೇಕು. ಒಬ್ಬರೇ ಇದನ್ನೆಲ್ಲ ಮಾಡಲು ಹೋದರೆ ಖರ್ಚು ಗಿಟ್ಟುವುದಿಲ್ಲ. ರಬ್ಬರ್ ಬೆಳೆಗಾರರ ಸಂಘ ಅಥವಾ ಸೊಸೈಟಿ ಮೂಲಕ ಗುಂಪಾಗಿ ಮಾಡಿದರೆ ಮಾತ್ರ ಅರ್ಥವಿದೆ. ಪಹಣಿ, ಸರ್ವೆ ನಂಬರ್, ಗಡಿಯ ಗುರುತು ಈಗಲೇ ಒಟ್ಟು ಮಾಡಿಟ್ಟುಕೊಳ್ಳಿ.

‘ವೀಗನ್’ ಅಂತ ಬರೆದಿದ್ದರೆ ಎಥಿಕಲ್ ಅಂತಲೇ ತಿಳಿಯಬಹುದೇ? ಚರ್ಮದ್ದು ತೆಗೆದುಕೊಂಡರೆ ಪಾಪವೇ?
*(ಧಾರವಾಡ)*

ವೀಗನ್ ಎಂದರೆ ಪ್ರಾಣಿಜನ್ಯ ವಸ್ತು ಇಲ್ಲ ಎಂದಷ್ಟೇ. ಅಂಟಿನಲ್ಲೂ ಇರಬಾರದು. ಹೊಲಿದವರ ಬಗ್ಗೆ, ಬಣ್ಣದ ನೀರು ಎಲ್ಲಿಗೆ ಹೋಯಿತು ಎನ್ನುವುದರ ಬಗ್ಗೆ ಆ ಪದ ಏನೂ ಹೇಳುವುದಿಲ್ಲ. ಅಗ್ಗದ ‘ವೀಗನ್ ಲೆದರ್’ ಹೆಚ್ಚಾಗಿ ಬಟ್ಟೆಯ ಮೇಲೆ ಬಳಿದ ಪಿಯು (ಪಾಲಿಯುರೇಥೇನ್) ಅಥವಾ ಪಿವಿಸಿ ಪ್ಲಾಸ್ಟಿಕ್. ಎರಡರಲ್ಲಿ ಪಿವಿಸಿಯನ್ನು ದೂರವಿಡಿ. ಅದನ್ನು ಮೆದುವಾಗಿಸಲು ಬೆರೆಸುವ ಎಣ್ಣೆಯಂಥ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಜಿನುಗುತ್ತದೆ, ಮೇಲ್ಮೈ ಅಂಟಂಟಾಗುತ್ತದೆ, ದುರಸ್ತಿಯ ಅಂಟೂ ಹಿಡಿಯುವುದಿಲ್ಲ. ಅನಾನಸ್ ಎಲೆಯ ನಾರು, ಸೇಬಿನ ಸಿಪ್ಪೆ, ಜೋಳದ ಉಳಿಕೆಯಿಂದ ಮಾಡಿದ ವಸ್ತುಗಳಲ್ಲೂ ಸಾಮಾನ್ಯವಾಗಿ ಪಿಯು ಲೇಪ ಇರುತ್ತದೆ. ಸಸ್ಯದ ಪಾಲು ಎಷ್ಟು, ಲೇಪದ ಪಾಲು ಎಷ್ಟು ಎಂದು ಕೇಳಿ.

ಚರ್ಮದ ವಿಷಯ ಇದಕ್ಕಿಂತ ಗಂಭೀರ. ತಮಿಳುನಾಡಿನ ಪಾಲಾರ್ ನದಿ ಪಾತ್ರದ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಹದ ಮಾಡುವ ಘಟಕಗಳಿಂದ ಅಂತರ್ಜಲ, ಹೊಲ ಎರಡೂ ಕೆಟ್ಟವು. 1996ರ ವೆಲ್ಲೂರು ನಾಗರಿಕರ ವೇದಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಮಲಿನ ಮಾಡಿದವನೇ ತೆರಬೇಕು’ ಎಂಬ ತತ್ವವನ್ನು ಎತ್ತಿಹಿಡಿದದ್ದು ಇದೇ ಪ್ರದೇಶದ ವಿಷಯದಲ್ಲಿ. 2015ರ ಜನವರಿ 31ರಂದು ರಾಣಿಪೇಟೆಯಲ್ಲಿ ತ್ಯಾಜ್ಯದ ತೊಟ್ಟಿಯ ಗೋಡೆ ಕುಸಿದು, ಪಕ್ಕದಲ್ಲೇ ಮಲಗಿದ್ದ 10 ಮಂದಿ ಸತ್ತರು. ಈ ಹಿನ್ನೆಲೆ ಗೊತ್ತಿದ್ದೂ ‘ಪ್ರೀಮಿಯಂ ಲೆದರ್’ ಎಂಬ ಎರಡು ಪದಕ್ಕೆ ತೃಪ್ತಿಪಟ್ಟುಕೊಳ್ಳುವುದು ಸರಿಯಲ್ಲ. ಚರ್ಮದ ಶೂ ಕೊಳ್ಳುವುದಾದರೆ ಎಲ್‌ಡಬ್ಲ್ಯೂಜಿ (ಲೆದರ್ ವರ್ಕಿಂಗ್ ಗ್ರೂಪ್) ಪ್ರಮಾಣಪತ್ರ ಪಡೆದ ಘಟಕದ್ದೇ ಎಂದು ನೋಡಿ. ಆದರೆ ಅದು ಮುಖ್ಯವಾಗಿ ನೀರು, ವಿದ್ಯುತ್, ರಾಸಾಯನಿಕ ನಿರ್ವಹಣೆಯ ಪರೀಕ್ಷೆ. ಶೂ ಹೊಲಿದವರ ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಪಾಪ ಪುಣ್ಯದ ತೀರ್ಮಾನ ನಿಮ್ಮದು. ಬಾಳಿಕೆಯ ಲೆಕ್ಕದಲ್ಲಿ ಹೇಳುವುದಾದರೆ ಚೆನ್ನಾಗಿ ನೋಡಿಕೊಂಡ ಚರ್ಮ ಬಿರುಕು ಬಿಡದೆ ವರ್ಷಗಟ್ಟಲೆ ಬರುತ್ತದೆ, ಪಿಯು ಲೇಪ ಬೆರಳು ಮಡಚುವ ಜಾಗದಲ್ಲಿ ಬೇಗ ಸುಲಿಯುತ್ತದೆ. ಎರಡೂ ಬೇಡವೆಂದರೆ ದಪ್ಪ ಹತ್ತಿ ಕ್ಯಾನ್ವಾಸ್ ಒಳ್ಳೆಯದು.

ವಿದೇಶಿ ಶೂಗಳ ನಾಲಗೆಯ ಹಿಂದೆ ಪುಟ್ಟ ಚಿತ್ರಗಳಿರುತ್ತವೆ, ಗಮನಿಸಿ. ಹರಡಿದ ತೊಗಲಿನ ಆಕಾರ ಇದ್ದರೆ ಚರ್ಮ. ಅದರ ನಡುವೆ ವಜ್ರದ ಆಕಾರವೂ ಇದ್ದರೆ ಲೇಪ ಹಚ್ಚಿದ ಚರ್ಮ. ಹೆಣೆದ ಬಲೆಯಂತಿದ್ದರೆ ಬಟ್ಟೆ. ಬರೀ ವಜ್ರವಾದರೆ ರಬ್ಬರ್, ಪ್ಲಾಸ್ಟಿಕ್ ಮುಂತಾದವು. ಮೇಲ್ಭಾಗ, ಒಳಭಾಗ, ಸೋಲ್ ಮೂರಕ್ಕೂ ಬೇರೆ ಬೇರೆ ಗುರುತು. ಆ ಭಾಗದ ಶೇ 80ರಷ್ಟಾದರೂ ಆ ವಸ್ತುವೇ ಇರಬೇಕೆಂಬುದು ಯುರೋಪಿನ ನಿಯಮ.

ಪ್ಲಾಸ್ಟಿಕ್ ಚೀಲ, ಬಾಟಲಿಯಿಂದ ಮಾಡಿದ ಶೂ ಕೊಂಡರೆ ಪರಿಸರಕ್ಕೆ ನಿಜವಾಗಿ ಉಪಯೋಗ ಇದೆಯೇ?
*(ತುಮಕೂರು)*

ಇದೆ, ಹೇಳುವಷ್ಟಿಲ್ಲ. ಆಶಯ್ ಭಾವೆ ಎಂಬ ಯುವಕ 2021ರಲ್ಲಿ ಶುರುಮಾಡಿದ ‘ಥೇಲಿ’ ಶೂ ನಮ್ಮ ದೇಶದ ಒಳ್ಳೆಯ ಉದಾಹರಣೆ. ಜೋಡಿಗೆ 10 ಪ್ಲಾಸ್ಟಿಕ್ ಚೀಲ, 12 ಬಾಟಲಿ ಬಳಕೆಯಾಗುತ್ತದೆ ಎನ್ನುತ್ತದೆ ಕಂಪನಿ. ಮರುಬಳಕೆಗೆ ಯಾರೂ ಕೊಳ್ಳದ ತೆಳು ಚೀಲಕ್ಕೆ ಅದು ಬೆಲೆ ತಂದುಕೊಟ್ಟಿತು. ಬಾಟಲಿಯ ವಿಷಯ ಹಾಗಲ್ಲ. ಬಾಟಲಿ ಮತ್ತೆ ಬಾಟಲಿಯಾಗಬಲ್ಲದು. ಒಮ್ಮೆ ನೂಲಾಗಿ ಶೂ ಸೇರಿದರೆ ಅದರ ಮುಂದಿನ ದಾರಿ ಹೆಚ್ಚುಕಡಿಮೆ ಕಸದ ಗುಂಡಿಯೇ.

ಅಮೆರಿಕದ ಎಂಐಟಿ ಸಂಶೋಧಕರು 2013ರಲ್ಲಿ ಒಂದು ಜೊತೆ ಓಟದ ಶೂವನ್ನು ಬಿಡಿಬಿಡಿಯಾಗಿ ಲೆಕ್ಕಹಾಕಿದರು. 65 ಬಿಡಿಭಾಗ, 360 ಹಂತದ ಕೆಲಸ, ಒಟ್ಟು ಸುಮಾರು 14 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಅದರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಹೊಮ್ಮಿದ್ದು ಕಚ್ಚಾವಸ್ತುವಿನಿಂದಲ್ಲ, ಕಾರ್ಖಾನೆಯ ತಯಾರಿಕೆಯಿಂದ: ಸಣ್ಣ ಸಣ್ಣ ತುಂಡುಗಳನ್ನು ಕತ್ತರಿಸಿ, ಅಚ್ಚು ಹಾಕಿ, ಕಾಯಿಸಿ, ಜೋಡಿಸುವ ಯಂತ್ರಗಳು ಕಲ್ಲಿದ್ದಲಿನ ವಿದ್ಯುತ್‌ನಿಂದ ಓಡುವುದರಿಂದ. ಬಟ್ಟೆಯನ್ನಷ್ಟೇ ಬಾಟಲಿ ನೂಲಿಗೆ ಬದಲಿಸಿ ಉಳಿದ 300 ಹಂತ ಹಾಗೇ ಇಟ್ಟರೆ ಗಳಿಸುವುದು ಅಲ್ಪ. ಕಡಿಮೆ ತುಂಡುಗಳ ಸರಳ ಶೂ, ಹೆಚ್ಚು ಕಾಲ ಹಾಕಿಕೊಂಡರೆ, ಹೆಚ್ಚು ಉಪಯೋಗ. ಎರಡು ವರ್ಷ ಬರುವ ಶೂವನ್ನು ದುರಸ್ತಿ ಮಾಡಿಸಿ ನಾಲ್ಕು ವರ್ಷ ಹಾಕಿದರೆ ವರ್ಷದ ಲೆಕ್ಕ ನೇರ ಅರ್ಧಕ್ಕೆ ಇಳಿಯುತ್ತದೆ.

ಆಂಬೂರಿನ ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಶೂ ಅಗ್ಗಕ್ಕೆ ಸಿಗುತ್ತದೆ. ಕಾರ್ಖಾನೆ ದೊಡ್ಡದು, ಬ್ರ್ಯಾಂಡ್ ವಿದೇಶಿ. ಹಾಗಾದರೆ ಕೆಲಸಗಾರರಿಗೆ ಒಳ್ಳೆಯ ಸಂಬಳ ಇರಬೇಕಲ್ಲವೇ?
*(ಕೋಲಾರ)*

ಇರಬೇಕು ಎಂದು ಊಹಿಸುವ ಹಾಗಿಲ್ಲ. ದೊಡ್ಡ ಕಾರ್ಖಾನೆಯ ಒಳಗೆ ಪಿಎಫ್, ಇಎಸ್‌ಐ, ಓವರ್‌ಟೈಮ್ ದಾಖಲೆ ಇರಬಹುದು. ಆದರೆ ಚರ್ಮದ ಶೂಗಳಲ್ಲಿ, ಮುಖ್ಯವಾಗಿ ಮೊಕಾಸಿನ್ (ಲೇಸ್ ಇಲ್ಲದೆ ಕಾಲು ತೂರಿಸುವ) ಮಾದರಿಯಲ್ಲಿ, ಮೇಲ್ಭಾಗದ ಕೈಹೊಲಿಗೆ ಹೆಚ್ಚಾಗಿ ಕಾರ್ಖಾನೆಯಲ್ಲಿ ನಡೆಯುವುದಿಲ್ಲ. ಕತ್ತರಿಸಿದ ತುಂಡುಗಳು ಮಧ್ಯವರ್ತಿಯ ಮೂಲಕ ಸುತ್ತಲಿನ ಹಳ್ಳಿಗಳ ಮನೆಗಳಿಗೆ ಹೋಗುತ್ತವೆ. ಹೊಲಿಯುವವರು ಬಹುತೇಕ ಹೆಂಗಸರು, ಕೂಲಿ ಜೋಡಿ ಲೆಕ್ಕದಲ್ಲಿ ಕೆಲವೇ ರೂಪಾಯಿ. ದಪ್ಪ ಚರ್ಮಕ್ಕೆ ಸೂಜಿ ಹಾಕಿ ಎಳೆದು ಬೆರಳು ಕೊಯ್ದುಕೊಂಡರೆ, ಬೆನ್ನು ನೋವು ಬಂದರೆ ಖರ್ಚು ಅವರದೇ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಕಾರ್ಮಿಕರ ಹಕ್ಕುಗಳಿಗಾಗಿ ದುಡಿಯುವ ಬೆಂಗಳೂರಿನ ಸಿವಿಡೆಪ್ ಸಂಸ್ಥೆ ಬ್ರಿಟನ್‌ನ ಸಂಘಟನೆಗಳ ಜೊತೆ ಸೇರಿ ಆಂಬೂರಿನ ಈ ಹೆಂಗಸರ ಸ್ಥಿತಿಯನ್ನು 2016ರಲ್ಲಿ ವರದಿ ಮಾಡಿತು. ಮನೆಯಲ್ಲಿ ಕೂತು ದುಡಿಯುವವರಿಗೂ ಕಾರ್ಖಾನೆಯವರಷ್ಟೇ ಹಕ್ಕು ಎನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ ಒಪ್ಪಂದಕ್ಕೆ ಭಾರತ ಇನ್ನೂ ಸೇರಿಲ್ಲ. ಸೇರಬೇಕು.

ಹಾಗೆಂದು ಆಂಬೂರಿನ ಶೂ ಕೊಳ್ಳುವುದನ್ನೇ ಬಿಟ್ಟರೆ ಆ ಹೆಂಗಸರಿಗೆ ಇರುವ ಕೂಲಿಯೂ ತಪ್ಪುತ್ತದೆ. ಬ್ರ್ಯಾಂಡ್‌ಗೆ ಬರೆದು ಕೇಳಿ. ಡಬ್ಬದ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗ್ರಾಹಕ ಸಂಪರ್ಕದ ಇಮೇಲ್ ಕಾನೂನಿನ ಪ್ರಕಾರ ಇರಲೇಬೇಕು. ಆ ವಿಳಾಸಕ್ಕೆ ನಾಲ್ಕು ಪ್ರಶ್ನೆ ಸಾಕು: ಈ ಮಾದರಿ ಯಾವ ಕಾರ್ಖಾನೆಯಲ್ಲಿ ಜೋಡಣೆಯಾಯಿತು? ಮೇಲ್ಭಾಗ ಎಲ್ಲಿ ಹೊಲಿದಿರಿ, ಅದರಲ್ಲಿ ಮನೆಗಳಲ್ಲಿ ಕೂತು ಹೊಲಿದ ಪಾಲು ಇದೆಯೇ, ಇದ್ದರೆ ಜೋಡಿಗೆ ಎಷ್ಟು ಕೊಡುತ್ತೀರಿ? ಅತಿ ಕಡಿಮೆ ಸಂಬಳದವರಿಗೆ ತಿಂಗಳಿಗೆ ಎಷ್ಟು ಸಿಗುತ್ತದೆ, ಓವರ್‌ಟೈಮ್ ಸೇರಿಸದೆ? ಅಲ್ಲಿ ಕಾರ್ಮಿಕ ಸಂಘ ಇದೆಯೇ? ‘ನಾವು ಎಲ್ಲ ಕಾನೂನು ಪಾಲಿಸುತ್ತೇವೆ’ ಎಂದು ಉತ್ತರ ಬಂದರೆ ಅದು ಉತ್ತರವಲ್ಲ. ಕಾನೂನಿನ ಕನಿಷ್ಠ ಕೂಲಿಗೂ ಒಂದು ಸಂಸಾರ ನಡೆಯಲು ಬೇಕಾದ ಕೂಲಿಗೂ ದೊಡ್ಡ ಅಂತರವಿದೆ. ಏಷ್ಯಾ ಫ್ಲೋರ್ ವೇಜ್ ಒಕ್ಕೂಟದ ಸೂತ್ರದಲ್ಲಿ ಒಬ್ಬರ ದುಡಿಮೆ ಮೂರು ಪಾಲು ಖರ್ಚನ್ನು ಹೊರಬೇಕು, ದೊಡ್ಡವರಿಗೆ ತಲಾ ಒಂದು ಪಾಲು, ಮಗುವಿಗೆ ಅರ್ಧ ಪಾಲು. ಅಂದರೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು.

ಕಾರ್ಖಾನೆಯ ಹೆಸರು ಸಿಕ್ಕರೆ ‘ಓಪನ್ ಸಪ್ಲೈ ಹಬ್’ ಜಾಲತಾಣದಲ್ಲಿ ಹುಡುಕಿ. ಅಲ್ಲಿ ಯಾವ ಕಾರ್ಖಾನೆ ಯಾವ ಬ್ರ್ಯಾಂಡ್‌ಗೆ ಮಾಡುತ್ತದೆ ಎಂಬ ಮಾಹಿತಿ ಉಚಿತ. 1990ರ ದಶಕದಲ್ಲಿ ಜನ ಪಟ್ಟು ಹಿಡಿದು ಕೇಳಿದ್ದರಿಂದಲೇ ನೈಕಿ 2005ರಲ್ಲಿ ತನ್ನ ಕಾರ್ಖಾನೆಗಳ ಪಟ್ಟಿಯನ್ನು ಹೊರಗಿಟ್ಟಿತು. ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಮಕ್ಕಳು ಫುಟ್ಬಾಲ್ ಹೊಲಿಯುವುದು ಬಯಲಾಗಿ 1997ರಲ್ಲಿ ಅದನ್ನು ತಡೆಯುವ ಒಪ್ಪಂದವಾಯಿತು. ಮುಂದೆ ಅದೇ ಊರಿನಲ್ಲಿ ಎಥ್‌ಲೆಟಿಕ್ ಎಂಬ ಫೇರ್‌ಟ್ರೇಡ್ (ಉತ್ಪಾದಕರಿಗೆ ನ್ಯಾಯವಾದ ಬೆಲೆ ಕೊಡುವ ವ್ಯಾಪಾರದ) ಸ್ನೀಕರ್ಸ್ ತಯಾರಾಗತೊಡಗಿತು: ಭಾರತದ ಹತ್ತಿ, ಶ್ರೀಲಂಕಾದ ಎಫ್‌ಎಸ್‌ಸಿ ರಬ್ಬರ್, ಪ್ರತಿ ಜೋಡಿಗೆ ಕೂಲಿಯ ಮೇಲೆ 1 ಡಾಲರ್ ಕೆಲಸಗಾರರ ಕಲ್ಯಾಣ ಸಂಘಕ್ಕೆ. ‘ಎಥಿಕಲ್’ ಎನ್ನುವ ಕಂಪನಿ ಹೀಗೆ ಊರು, ಮೊತ್ತ, ಯಾರ ಕೈಗೆ ಎಂಬ ಮೂರನ್ನೂ ಹೇಳಬೇಕು.

ಪ್ರಮಾಣಪತ್ರಗಳ ಹೆಸರು ನೋಡಿದರೆ ತಲೆ ಕೆಡುತ್ತದೆ. ಯಾವುದನ್ನು ನಂಬಲಿ?
*(ಶಿವಮೊಗ್ಗ)*

ಪ್ರತಿಯೊಂದಕ್ಕೂ ಅದರದ್ದೇ ಎಲ್ಲೆ ಇದೆ. ಜಿಒಟಿಎಸ್ ಹತ್ತಿಯಂಥ ಸಾವಯವ ನಾರಿನ ಬಟ್ಟೆಗೆ ಸಂಬಂಧಿಸಿದ್ದು, ‘ಆರ್ಗ್ಯಾನಿಕ್’ ಎನ್ನಲು ಶೇ 95 ಸಾವಯವ ನಾರು ಬೇಕು, ಕಾರ್ಮಿಕರ ನಿಯಮಗಳೂ ಸೇರಿವೆ. ಫೇರ್‌ಟ್ರೇಡ್ ಹತ್ತಿ ಎಂದಿದ್ದರೆ ರೈತನಿಗೆ ಕನಿಷ್ಠ ಬೆಲೆಯ ಖಾತ್ರಿ. ಶೂ ಹೊಲಿದವರಿಗೆ ತಾನಾಗಿ ಅದು ಅನ್ವಯಿಸದು. ಓಕೊ-ಟೆಕ್ಸ್ 100 ಮೈಗೆ ತಾಗುವ ರಾಸಾಯನಿಕದ ಪರೀಕ್ಷೆ ಮಾತ್ರ. ಎಸ್‌ಎ 8000, ಫೇರ್ ವೇರ್ ಇವೆರಡು ನೇರವಾಗಿ ಕೆಲಸಗಾರರ ಸ್ಥಿತಿಗೆ ಸಂಬಂಧಿಸಿದವು. ನಮ್ಮ ಐಎಸ್‌ಐ ಗುರುತು 2024ರ ಆಗಸ್ಟ್ 1ರಿಂದ ಹಲವು ಬಗೆಯ ಪಾದರಕ್ಷೆಗೆ ಕಡ್ಡಾಯವಾಗಿದೆ. ಅದು ಸೋಲ್ ಸವೆತ, ಅಂಟಿನ ಬಲದಂಥ ಗುಣಮಟ್ಟದ ಮಾತು, ನ್ಯಾಯದ ಮಾತಲ್ಲ. ಆದರೂ ಬಾಳಿಕೆಗೆ ಒಳ್ಳೆಯ ಗುರುತು.

‘ಇಕೋ’, ‘ಗ್ರೀನ್’, ‘ಭೂಮಿಸ್ನೇಹಿ’ ಎಂದು ಬರೆದು ಆಧಾರ ಕೊಡದಿದ್ದರೆ ದೂರು ಕೊಡಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಇದಕ್ಕಾಗಿಯೇ ಮಾರ್ಗಸೂಚಿ ಹೊರಡಿಸಿದೆ. ಗ್ರಾಹಕ ಸಹಾಯವಾಣಿ 1915. ಡಬ್ಬದ, ಜಾಹೀರಾತಿನ ಫೋಟೊ ಮತ್ತು ಬಿಲ್ ಇಟ್ಟುಕೊಂಡಿರಿ.

ನನ್ನ ಬಜೆಟ್ 2,000 ರೂ. ಎಥಿಕಲ್ ಎಲ್ಲ ದುಡ್ಡಿದ್ದವರಿಗೆ ಮಾತ್ರವೇ?
*(ವಿದ್ಯಾರ್ಥಿನಿ, ಹುಬ್ಬಳ್ಳಿ)*

ಅಲ್ಲ. 2,000ಕ್ಕೆ ಫೇರ್‌ಟ್ರೇಡ್ ಶೂ ಸಿಗುವುದು ಕಷ್ಟ, ನಿಜ. ಆದರೆ 700 ರೂ.ನ ಮೂರು ಜೋಡಿ ಕೊಳ್ಳುವ ಬದಲು 2,000ದ ಒಂದನ್ನು ಆರಿಸಿ ಮೂರು ವರ್ಷ ಹಾಕುವುದು ನಿಮ್ಮ ಕೈಯಲ್ಲಿದೆ.

ಅಂಗಡಿಯಲ್ಲಿ ಶೂ ಕೈಗೆತ್ತಿಕೊಂಡು ಬಗ್ಗಿಸಿ. ಬೆರಳು ಮಡಚುವ ಜಾಗದಲ್ಲಿ ಮಡಚಬೇಕು. ನಡುವಿನಲ್ಲಿ ಮಡಚಿದರೆ ಒಳಗೆ ಗಟ್ಟಿ ಪಟ್ಟಿ ಇಲ್ಲ, ಬೇಗ ಸೊಟ್ಟಗಾಗುತ್ತದೆ. ಹಿಮ್ಮಡಿಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ, ತಗ್ಗಬಾರದು. ಸೋಲ್ ಅಂಚಿನ ಸುತ್ತ ಹೊಲಿಗೆ ಇದ್ದರೆ ಉಗುರಿನಿಂದ ಒಂದು ದಾರ ಎತ್ತಿ ನೋಡಿ. ಕೆಲವು ಶೂಗಳಲ್ಲಿ ಹೊಲಿಗೆಯಂತೆ ಕಾಣುವುದು ರಬ್ಬರಿನ ಅಚ್ಚು ಮಾತ್ರ. ನಿಜವಾದ ಹೊಲಿಗೆ ಇದ್ದರೆ ಅಂಟು ಬಿಟ್ಟರೂ ಸೋಲ್ ಕಳಚುವುದಿಲ್ಲ, ಮತ್ತೆ ಹೊಲಿಸಲೂಬಹುದು. ಒಳಗಿನ ಸೋಲ್ ತೆಗೆಯುವಂತಿರಲಿ. ಅದು ಚಪ್ಪಟೆಯಾದಾಗ ಬೇರೆ ಹಾಕಿದರೆ ಶೂ ಹೊಸದರಂತೆ ಮೆತ್ತಗಾಗುತ್ತದೆ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ಸಂಜೆ ಹೊತ್ತು, ಕಾಲು ಸ್ವಲ್ಪ ಉಬ್ಬಿರುವಾಗ, ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಅಳೆಯಿರಿ. ಎರಡರಲ್ಲಿ ಉದ್ದದ ಕಾಲನ್ನು ಹಿಡಿಯಿರಿ. ಅದಕ್ಕೆ 1.5 ಸೆಂ.ಮೀ. ಕೂಡಿಸಿ 1.5ರಿಂದ ಗುಣಿಸಿದರೆ ಯುರೋಪಿನ ಸೈಜ್. 24 ಸೆಂ.ಮೀ. ಪಾದಕ್ಕೆ 25.5 × 1.5, ಅಂದರೆ 38ರ ಆಸುಪಾಸು. ಯುರೋಪಿನ ಒಂದು ಸೈಜ್‌ಗೆ 6.67 ಮಿ.ಮೀ. ವ್ಯತ್ಯಾಸ, ಯುಕೆ ಸೈಜ್‌ಗೆ 8.46 ಮಿ.ಮೀ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಧ ಸೈಜ್ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಸೆಂ.ಮೀ. ಪಟ್ಟಿಯನ್ನೇ ನಂಬಿ.

ಜೋಪಾನವಾಗಿ ಡಬ್ಬದಲ್ಲೇ ಇಟ್ಟಿದ್ದ ಶೂ. ಐದಾರು ವರ್ಷದ ಮೇಲೆ ತೆಗೆದು ಹಾಕಿದರೆ ಸೋಲ್ ಪುಡಿಪುಡಿ ಆಗಿ ಉದುರಿತು. ಮೋಸ ಹೋದೆವಾ?
*(ಮಂಗಳೂರು)*

ಮೋಸವಲ್ಲ, ಗಾಳಿಯ ತೇವ. ನಡುವಿನ ಮೆತ್ತೆ ಪಿಯು ಫೋಮ್ ಆಗಿದ್ದರೆ ಅದು ಗಾಳಿಯಲ್ಲಿನ ನೀರಿನ ಅಂಶದೊಂದಿಗೆ ನಿಧಾನವಾಗಿ ಪ್ರತಿಕ್ರಿಯಿಸಿ ಒಳಗಿನ ಕೊಂಡಿಗಳು ಕತ್ತರಿಸಿಹೋಗುತ್ತವೆ. ಕರಾವಳಿಯ ಸೆಖೆ, ತೇವ ಎರಡೂ ಇದಕ್ಕೆ ಅನುಕೂಲ. ಹಾಕದೆ ಇಟ್ಟ ಶೂ ಇನ್ನೂ ಬೇಗ ಹಾಳಾಗುತ್ತದೆ, ನಡೆದಾಡುವಾಗ ಫೋಮ್ ಒತ್ತಿ ಬಿಟ್ಟು ಒಳಗಿನ ತೇವ ಹೊರಹೋಗುವುದರಿಂದ. ಇವಿಎ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ಫೋಮ್ ಹೀಗೆ ಪುಡಿಯಾಗುವುದಿಲ್ಲ, ಕಾಲಕ್ರಮೇಣ ಚಪ್ಪಟೆಯಾಗುತ್ತದೆ ಅಷ್ಟೆ. ಪೂರ್ತಿ ರಬ್ಬರ್ ಸೋಲ್ ಎಲ್ಲಕ್ಕಿಂತ ಗಟ್ಟಿ. ಮಂಗಳೂರಿನಲ್ಲಿರುವ ನಿಮಗೆ ರಬ್ಬರ್ ಅಥವಾ ಇವಿಎ ಸರಿ. ಡಬ್ಬದ ಮೇಲಿನ ತಯಾರಿಕೆಯ ತಿಂಗಳು ನೋಡಿ. ಪಿಯು ಸೋಲ್‌ನ ಮೂರು ವರ್ಷ ಹಳೆಯ ದಾಸ್ತಾನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಕೊಂಡ ಶೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ವಾರಕ್ಕೊಮ್ಮೆಯಾದರೂ ಹಾಕಿ.

ಮುಂದುಗಡೆ ಸೋಲ್ ಬಾಯಿ ಬಿಟ್ಟಿದೆ. ಫೆವಿಕ್ವಿಕ್ ಹಾಕಿದೆ, ಎರಡೇ ದಿನಕ್ಕೆ ಮತ್ತೆ ಬಿಟ್ಟಿತು.
*(ದಾವಣಗೆರೆ)*

ಆ ಬಗೆಯ ಅಂಟು ಒಣಗಿದ ಮೇಲೆ ಗಾಜಿನಂತೆ ಪೆಡಸಾಗುತ್ತದೆ. ಶೂ ಹೆಜ್ಜೆ ಹೆಜ್ಜೆಗೂ ಬಗ್ಗುವ ಜಾಗದಲ್ಲಿ ಅದು ಬಿರಿಯದೆ ಇರದು. ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಸೊಲ್ಯೂಷನ್ ಬೇಕು, ಅದು ಒಣಗಿದರೂ ಬಾಗುತ್ತದೆ.

ಮೊದಲು ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಎರಡೂ ಬದಿಯನ್ನು 80 ನಂಬರ್ ಉಪ್ಪುಕಾಗದದಲ್ಲಿ ಒರಟು ಮಾಡಿ, ಧೂಳು ಒರೆಸಿ, ಒಂದು ಹೊತ್ತು ಒಣಗಲು ಬಿಡಿ. ಎರಡೂ ಬದಿಗೆ ತೆಳುವಾಗಿ ಸೊಲ್ಯೂಷನ್ ಹಚ್ಚಿ 10–15 ನಿಮಿಷ ಕಾಯಿರಿ. ಬೆರಳು ಮುಟ್ಟಿಸಿದರೆ ಜಿಗುಟಿರಬೇಕು, ಬೆರಳಿಗೆ ಹತ್ತಬಾರದು. ಬಟ್ಟೆಯ ಬದಿ ಅಂಟನ್ನು ಹೀರಿಕೊಂಡಿದ್ದರೆ ಅಲ್ಲಿಗೆ ಇನ್ನೊಂದು ಸಲ ಹಚ್ಚಿ. ಹಸಿ ಇರುವಾಗಲೇ ಒತ್ತಿಬಿಟ್ಟರೆ ದ್ರಾವಕ ಒಳಗೇ ಸಿಕ್ಕಿಕೊಂಡು ಹಿಡಿತ ಬರುವುದಿಲ್ಲ. ಆಮೇಲೆ ತುದಿಯಿಂದ ಶುರುಮಾಡಿ ಒಂದೇ ಸಲಕ್ಕೆ ಸರಿಯಾಗಿ ಕೂರಿಸಿ, ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಸುತ್ತಿ 24 ಗಂಟೆ ಬಿಡಿ. ಪಿವಿಸಿ ಸೋಲ್‌ಗೆ ಈ ಸೊಲ್ಯೂಷನ್ ಹಿಡಿಯದು, ಪಿಯು ಅಂಟೇ ಬೇಕು.

ಕಿಟಕಿ ತೆರೆದಿಟ್ಟು ಮಾಡಿ. ಇಂಥ ಅಂಟುಗಳ ದ್ರಾವಕದಲ್ಲಿ ಟೊಲ್ಯೂಯೀನ್, ಕೆಲವದರಲ್ಲಿ ಹೆಕ್ಸೇನ್ ಇರುತ್ತದೆ. ಹೆಕ್ಸೇನ್ ಆವಿಯನ್ನು ತಿಂಗಳುಗಟ್ಟಲೆ ಉಸಿರಾಡಿದ ಶೂ ಕಾರ್ಖಾನೆಯ ಕೆಲಸಗಾರರಿಗೆ ಕೈಕಾಲಿನ ನರ ಸತ್ತು ಜೋಮು ಹಿಡಿಯುವ ಕಾಯಿಲೆ ಬಂದಿದೆ. ಕಂಪನಿಗೆ ಬರೆಯುವಾಗ ‘ನೀರಿನ ಆಧಾರದ ಅಂಟು ಬಳಸುತ್ತೀರಾ’ ಎಂದು ಕೇಳಬೇಕಾದದ್ದು ಇದಕ್ಕಾಗಿ.

ನಿಮ್ಮ ಬೀದಿಯಲ್ಲಿ ಚಪ್ಪಲಿ ಹೊಲಿದುಕೊಡುವವರಿದ್ದರೆ ಅವರ ಕೈಗೇ ಕೊಡಿ, ಅಂಟಿನ ಜೊತೆ ಸುತ್ತ ಹೊಲಿಗೆಯನ್ನೂ ಹಾಕಿಸಿ, ಚೌಕಾಸಿ ಮಾಡಬೇಡಿ.

ಹಳೆಯ ಶೂಗಳನ್ನು ಯಾರಿಗೆ ಕೊಡುವುದು?
*(ಮೈಸೂರು)*

ಇನ್ನೂ ಹಾಕಬಹುದಾದದ್ದನ್ನು ಸೈಜ್ ಗೊತ್ತಿದ್ದವರಿಗೆ ನೇರ ಕೊಡಿ. ಮೇಲ್ಭಾಗ ಹೋಗಿ ಸೋಲ್ ಗಟ್ಟಿ ಇದ್ದರೆ ಮುಂಬೈನ ಗ್ರೀನ್‌ಸೋಲ್‌ನಂಥ ಸಂಸ್ಥೆಗಳು ಅದರಿಂದ ಶಾಲೆ ಮಕ್ಕಳಿಗೆ ಚಪ್ಪಲಿ ಮಾಡುತ್ತವೆ. ಪುಡಿಯಾಗುತ್ತಿರುವ ಪಿಯು ಸೋಲ್ ಯಾವ ಕೆಲಸಕ್ಕೂ ಬಾರದು, ಕಳಿಸಬೇಡಿ. ಕಳಿಸುವ ಮೊದಲು ತೊಳೆದು, ನೆರಳಿನಲ್ಲಿ ಎರಡು ದಿನ ಪೂರ್ತಿ ಒಣಗಿಸಿ. ಒಂದು ಒದ್ದೆ ಶೂ ಇಡೀ ಚೀಲಕ್ಕೆ ಬೂಸು ಹಿಡಿಸುತ್ತದೆ. ಎಡ ಬಲ ಎರಡರ ಲೇಸ್ ಸೇರಿಸಿ ಗಂಟು ಹಾಕಿ. ಬಿಡಿಬಿಡಿಯಾಗಿ ಹೋದರೆ ವಿಂಗಡಿಸುವಾಗ ಜೋಡಿ ಸಿಗದೆ ಎರಡೂ ಕಸಕ್ಕೆ ಬೀಳುತ್ತವೆ.